ಮೂರು ಗಂಟಿನ ಸಿಗಡಿ

ದೆಹಲಿಗೆ ಸಮುದ್ರವಿಲ್ಲ. ಯಮುನೆ ಇದೆಯಲ್ಲ ಎನ್ನುವವರು ಮೇ ತಿಂಗಳಲ್ಲಿ ಒಮ್ಮೆ ಐಟಿಓ ಸೇತುವೆಯ ಮೇಲೆ ನಿಂತು ಉಸಿರೆಳೆದುಕೊಂಡು ಆಮೇಲೆ ಮಾತಾಡಲಿ. ಆದರೂ ಆ ಊರಿನ ನಡುಮಧ್ಯದ ಒಂದು ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಈ ದೇಶದ ಕರಾವಳಿಯ ಕೆಸರಿನ ಜೀವಗಳು ಸಾವಿರಾರು ಗಾಜಿನ ಬಾಟಲಿಗಳೊಳಗೆ ಸಾಲುಸಾಲಾಗಿ ಕೂತಿದ್ದವು. ಕಡಲಿನದನ್ನು ಇಷ್ಟು ದೂರ ತಂದು ಏಕೆ ಇಟ್ಟಿರಿ ಎಂದು ಸರ್ಕಾರವನ್ನು ಕೇಳಬಾರದು. ಕೇಳಿದರೆ ಒಂದು ಫೈಲು ಹುಟ್ಟುತ್ತದೆ, ಆ ಫೈಲಿಗೊಂದು ಬೀರು ಬೇಕಾಗುತ್ತದೆ, ಬೀರು ಇಡಲು ಬಾಟಲಿಗಳು ಜಾಗ ಬಿಡಬೇಕಾಗುತ್ತದೆ.

ಅಮಿತಾ ಆ ನೆಲಮಾಳಿಗೆಗೆ ಬರಲು ಶುರುಮಾಡಿ ಮೂರು ವರ್ಷವಾಗಿತ್ತು. ಮುನಿರ್ಕಾದ ಬಾಡಿಗೆ ಕೋಣೆಯಿಂದ ಹೊರಟು, ಬ್ಲೂಲೈನ್ ಬಸ್ಸಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಬಂದು, ಇಪ್ಪತ್ತೆರಡು ಮೆಟ್ಟಿಲು ಇಳಿದರೆ ಮೈಗೆ ತಂಪು, ಮೂಗಿಗೆ ಸ್ಪಿರಿಟ್ಟಿನ ಘಾಟು. ಅವಳ ಪಿಎಚ್‌ಡಿ ವಿಷಯ, ಕೆಸರಿನಲ್ಲಿ ಬಿಲ ತೋಡಿಕೊಂಡು ಬದುಕುವ ಒಂದು ಬಗೆಯ ಸಿಗಡಿ. ಬೆರಳುದ್ದದ, ಬಿಳಿಚಿಕೊಂಡ ಪ್ರಾಣಿ. ಬಿಸಿಲನ್ನೇ ಕಾಣದ್ದಕ್ಕೆ ಬಣ್ಣವೇ ಬಂದಿಲ್ಲ. ಎರಡು ಇಕ್ಕಳಗಾಲುಗಳಲ್ಲಿ ಒಂದು ಪೈಲ್ವಾನನ ತೋಳಿನ ಹಾಗೆ ದಪ್ಪ, ಇನ್ನೊಂದು ಎಳೆಮಗುವಿನದರ ಹಾಗೆ. ತಿನ್ನಲು ಬರುವುದಿಲ್ಲ, ನೋಡಲು ಚಂದವಿಲ್ಲ. "ಇದರಲ್ಲಿ ಏನಿದೆ ಅಂತ ಓದ್ತಿದೀಯ?" ಎಂದು ಅವಳ ಅಪ್ಪ ದಾವಣಗೆರೆಯಿಂದ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದರು. ಮೂವತ್ತು ವರ್ಷ ದೆಹಲಿಯ ಮಂತ್ರಾಲಯವೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು ಅವರು. ಅದರಲ್ಲಿ ಏನಿತ್ತು ಎಂದು ಅಮಿತಾ ತಿರುಗಿ ಕೇಳಿರಲಿಲ್ಲ.

ಏನಿದೆ ಎನ್ನುವುದು ಅವಳಿಗೆ ಒಂಬತ್ತನೆಯ ವಯಸ್ಸಿಗೇ ಗೊತ್ತಾಗಿತ್ತು. ಆರ್.ಕೆ. ಪುರಂನ ಕನ್ನಡ ಸಂಘದವರು ಒಂದು ಬೇಸಿಗೆ ಮಕ್ಕಳನ್ನೆಲ್ಲ ಕೂಡಿಹಾಕಿ ಶಿಬಿರ ನಡೆಸಿದ್ದರು. ಅಲ್ಲಿಗೆ ಡಾ. ದೇವಕಿ ಎಂಬ ವಿಜ್ಞಾನಿ ಬಂದಿದ್ದರು. ಕುಮಟಾ ಕಡೆಯವರು, ಹತ್ತಿ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬಿಳಿಯ ವಸ್ತುವೊಂದನ್ನು ಮೇಜಿನ ಮೇಲಿಟ್ಟರು. ಕೊಂಬೆಕೊಂಬೆಯಾಗಿ ಕೆಳಕ್ಕೆ ಇಳಿದ, ಅಲ್ಲಲ್ಲಿ ಉಂಡೆಯಂತೆ ಉಬ್ಬಿದ ಪ್ಲಾಸ್ಟರು. ಅಳಿವೆಯ ಕೆಸರಿನಲ್ಲಿದ್ದ ಬಿಲಕ್ಕೆ ಪ್ಲಾಸ್ಟರು ಹೊಯ್ದು, ಗಟ್ಟಿಯಾದ ಮೇಲೆ ಅಗೆದು ತೆಗೆದದ್ದು. "ಇದು ಒಂದು ಸಿಗಡಿಯ ಮನೆ. ಒಬ್ಬಳೇ ಕಟ್ಟಿಕೊಂಡದ್ದು" ಎಂದರು ದೇವಕಿ. ಮುಂದಿನ ಸಾಲಿನಲ್ಲಿದ್ದ ಅಮಿತಾ, "ಆಂಟಿ, ಇಸ್ ಮೇ ಕಿಚನ್ ಎಲ್ಲಿ?" ಎಂದು ಕೇಳಿದಳು. ದೊಡ್ಡವರೆಲ್ಲ ನಕ್ಕರು, ದೇವಕಿ ನಗಲಿಲ್ಲ. ಆ ಮನೆಯನ್ನು ತಿರುಗಿಸಿ ಒಂದು ಉಬ್ಬನ್ನು ತೋರಿಸಿ, "ಇಲ್ಲಿ. ಕಡಲ ಹುಲ್ಲಿನ ಚೂರು ತಂದು ಈ ಕೋಣೆಯಲ್ಲಿ ಕೂಡಿಡ್ತಾಳೆ. ಒಳ್ಳೆ ಪ್ರಶ್ನೆ" ಎಂದರು. ತನ್ನ ಪ್ರಶ್ನೆಯೊಂದನ್ನು ದೊಡ್ಡವರೊಬ್ಬರು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅಮಿತಾಳಿಗೆ ಅದೇ ಮೊದಲು. ಅವಳು ಆ ಹೆಂಗಸನ್ನು ಅವತ್ತು ಮೆಚ್ಚಿದವಳು ವಯಸ್ಸು ಇಪ್ಪತ್ತೇಳಾದರೂ ಮೆಚ್ಚುತ್ತಲೇ ಇದ್ದಳು.

ಈಗ ಅದೇ ದೇವಕಿ ಮೇಡಂ ಕಟ್ಟಿದ ಮನೆಯೊಂದನ್ನು ಕೆಡವುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಹತ್ತಿರದ ನಂಟಿರುವ ಪ್ರಭೇದಗಳನ್ನೆಲ್ಲ ಸೇರಿಸಿ ಅವಕ್ಕೊಂದು ಮನೆತನದ ಹೆಸರಿಡುತ್ತಾರೆ, ಅದು ಕುಲ. ಅಮಿತಾಳಂಥವರ ಬಾಯಲ್ಲಿ ಜೀನಸ್. ಹೊಸ ಪ್ರಭೇದ ಕಂಡುಹಿಡಿದವರು ಊರಿಗೆ ಹತ್ತು ಜನ ಸಿಗುತ್ತಾರೆ. ಹೊಸ ಕುಲವನ್ನೇ ಸ್ಥಾಪಿಸಿದವರು ಅಪರೂಪ. ದೇವಕಿ ತಮ್ಮ ಇಡೀ ನೌಕರಿಯಲ್ಲಿ ಒಂದೇ ಒಂದು ಕುಲ ಸ್ಥಾಪಿಸಿದ್ದರು. 1974ರಲ್ಲಿ, ತದಡಿಯ ಅಳಿವೆಯಿಂದ ತಂದ ಒಂದು ಬಾಟಲಿಯ ಆಧಾರದ ಮೇಲೆ. ಹೆಸರು ‘ತದಡಿಯಾ’. ಈ ಸಿಗಡಿಗಳಲ್ಲಿ ಗಿಡ್ಡ ಬಾಲದವಕ್ಕೆ ದೊಡ್ಡ ಇಕ್ಕಳಗಾಲಿನ ತೋಳಿನ ಮೇಲೆ ಒಂದು ಕೊಕ್ಕೆ ಇರುತ್ತದೆ. ಉದ್ದ ಬಾಲದವಕ್ಕೆ ತೋಳು ನುಣುಪು. ಅವೆರಡು ಬೇರೆಬೇರೆ ಕುಲಗಳು, ಎಲ್ಲರಿಗೂ ಗೊತ್ತಿದ್ದದ್ದೇ. ದೇವಕಿಯ ಬಾಟಲಿಯಲ್ಲಿದ್ದದ್ದು ಗಿಡ್ಡ ಬಾಲದ್ದು, ಆದರೆ ತೋಳು ನುಣುಪು. ಎರಡಕ್ಕೂ ಸೇರದ ಮೂರನೆಯದು.

ಆಮೇಲೆ ಮೂವತ್ತೆರಡು ವರ್ಷ ಅಂಥ ಇನ್ನೊಂದು ಪ್ರಾಣಿ ಯಾರಿಗೂ ಸಿಗಲಿಲ್ಲ. ಹೋದ ವರ್ಷ ಹೊರದೇಶದ ಪಂಡಿತರೊಬ್ಬರು ಒಂದು ಪತ್ರಿಕೆಯಲ್ಲಿ ಆರು ಸಾಲು ಬರೆದು ಗುಮಾನಿ ಎತ್ತಿದ್ದರು. ಈ ಸಿಗಡಿಗಳನ್ನು ಸ್ಪಿರಿಟ್ಟಿಗೆ ಹಾಕಿದೊಡನೆ ಅವು ಇಕ್ಕಳಗಾಲನ್ನು ಕಳಚಿ ಬಿಸಾಕುತ್ತವೆ. ಬಾಟಲಿಯ ತಳದಲ್ಲಿ ಬಿದ್ದ ಕಾಲು ಯಾರದೆಂದು ಹೇಳುವುದು ಕಷ್ಟ. ದೇವಕಿಯವರು ಒಂದರ ಕಾಲನ್ನು ಇನ್ನೊಂದರ ಮೈಗೆ ಜೋಡಿಸಿರಬಹುದು, ಕುದುರೆಯ ಮೈಗೆ ಎತ್ತಿನ ತಲೆ ಇಟ್ಟ ಹಾಗೆ. ಅಮಿತಾಳ ಗೈಡ್ ರಘುನಂದನ್ ಸರ್, "ಆ ಬಾಟಲಿ ನಮ್ಮೂರಲ್ಲೇ ಇದೆಯಲ್ಲ, ನೀನೇ ನೋಡಿ ಇತ್ಯರ್ಥ ಮಾಡು. ಜೂನ್ ಒಳಗೆ ಥೀಸಿಸ್ ಕೊಡಬೇಕು" ಎಂದುಬಿಟ್ಟರು.

ಅಮಿತಾ ಬಾಟಲಿ ನೋಡುವ ಮೊದಲೇ ಅಧ್ಯಾಯದ ಕೊನೆಯ ವಾಕ್ಯವನ್ನು ಬರೆದಿಟ್ಟುಕೊಂಡಿದ್ದಳು. "ತದಡಿಯಾ ಕುಲದ ಇಕ್ಕಳಗಾಲುಗಳು ಬಹುಶಃ ಅದಲುಬದಲಾಗಿರುವ ಸಾಧ್ಯತೆ ಇಲ್ಲದಿಲ್ಲ." ಇಂಥ ವಾಕ್ಯದಿಂದ ಯಾರಿಗೂ ಪೆಟ್ಟಾಗುವುದಿಲ್ಲ, ಯಾರಿಗೂ ಏನೂ ತಿಳಿಯುವುದೂ ಇಲ್ಲ.

2006ರ ಮೇ 29, ಸೋಮವಾರ. ಬಾಟಲಿಗಳ ಉಸ್ತುವಾರಿಯಲ್ಲಿದ್ದ ದೇವೇಂದ್ರಪ್ಪ ಕೆಂಪು ಪಟ್ಟಿ ಕಟ್ಟಿದ ಬೀರುವಿನ ಬೀಗ ತೆಗೆದರು. ಕುಲ, ಪ್ರಭೇದಗಳಿಗೆ ಮೊದಲ ಆಧಾರವಾದ ಮಾದರಿಗಳನ್ನು ಆ ಬೀರುವಿನಲ್ಲಿ ಇಡುತ್ತಿದ್ದರು. ಅವನ್ನು ಕಟ್ಟಡದಿಂದ ಹೊರಗೆ ಒಯ್ಯುವಂತಿಲ್ಲ. ಅರ್ಧ ಜೀವಮಾನ ಆ ನೆಲಮಾಳಿಗೆಯಲ್ಲಿ ಕಳೆದ ದೇವೇಂದ್ರಪ್ಪನವರಿಗೆ ಇನ್ನು ಮೂರೇ ದಿನದ ನೌಕರಿ. ಬುಧವಾರ ನಿವೃತ್ತಿ. ಹುದ್ದೆಯ ಹೆಸರು ಅಟೆಂಡರ್. ಆದರೆ ಯಾವ ಬಾಟಲಿಯ ಸ್ಪಿರಿಟ್ಟು ಎಷ್ಟು ಇಳಿದಿದೆ ಎಂದು ಮುಚ್ಚಳ ತಟ್ಟಿಯೇ ಹೇಳಬಲ್ಲವರು ಅವರೊಬ್ಬರೇ. ಡಾಕ್ಟರೇಟು ಪಡೆದ ಹನ್ನೊಂದು ಜನ ಮೇಲಿನ ಮಹಡಿಗಳಲ್ಲಿ ಫ್ಯಾನಿನ ಕೆಳಗೆ ಕೂತು ನಡೆಸುತ್ತಿದ್ದ ವಿಜ್ಞಾನಕ್ಕೆಲ್ಲ ಕೆಳಗೆ ಬುನಾದಿಯಾಗಿ ಕೂತವರು ಇವರು ಎಂದು ಅಮಿತಾಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಮೂವತ್ತೆರಡು ವರ್ಷದಲ್ಲಿ ಬಾಟಲಿಯೊಳಗಿನ ಸ್ಪಿರಿಟ್ಟು ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗೆ ಮೂರು ಪ್ರಾಣಿ. ಒಂದಕ್ಕೆ ಕೊಕ್ಕೆಯ ಕಾಲು ಮೈಗೆ ಅಂಟಿಕೊಂಡೇ ಇತ್ತು, ಅದರಲ್ಲಿ ತಕರಾರಿಲ್ಲ. ಎರಡನೆಯದು ಪ್ರಸಿದ್ಧ ತದಡಿಯಾ, ಗಿಡ್ಡ ಬಾಲದ್ದು. ಮೂರನೆಯದು ಅಗೆಯುವಾಗ ಸಲಿಕೆಯ ಏಟಿಗೆ ಬಾಲವನ್ನೇ ಕಳೆದುಕೊಂಡಿತ್ತು. ತಳದಲ್ಲಿ ಎರಡು ದೊಡ್ಡ ಕಾಲುಗಳು ಬಿಡಿಯಾಗಿದ್ದವು. ಒಂದಕ್ಕೆ ಕೊಕ್ಕೆ, ಒಂದು ನುಣುಪು. ದೇವಕಿ ಮೇಡಂ ನುಣುಪು ಕಾಲನ್ನು ಎರಡನೆಯದಕ್ಕೆ ಕೊಟ್ಟಿದ್ದರು, ಉದ್ದ ಸರಿಹೋಗುತ್ತದೆ ಎಂದು. ಕೊಕ್ಕೆಯ ಕಾಲು ಬಾಲವಿಲ್ಲದ್ದಕ್ಕೆ ಹೋಗಿತ್ತು.

ಅಮಿತಾ ಅವನ್ನು ತಟ್ಟೆಗೆ ಸುರಿದುಕೊಂಡು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ನುಣುಪು ಕಾಲಿನ ಬುಡಕ್ಕೆ ಕೂದಲಿನಂಥದೇನೋ ಸುತ್ತಿಕೊಂಡಿತ್ತು. ಕಸ ಎಂದುಕೊಂಡು ಚಿಮಟದಿಂದ ಎಳೆಯಲು ಹೋದಳು.

"ಅದನ್ನ ಎಳೀಬ್ಯಾಡ ತಂಗಿ," ಎಂದರು ಹಿಂದೆ ನಿಂತಿದ್ದ ದೇವೇಂದ್ರಪ್ಪ. "ಅದು ನಾ ಕಟ್ಟಿದ ದಾರ."

"ನೀವು ಕಟ್ಟಿದ್ದಾ ಕಾಕಾ? ಯಾಕೆ?"

ಮೂರು ವರ್ಷದಲ್ಲಿ ಅವಳು ಅವರನ್ನು ಬಾಟಲಿ ಕೇಳಿದ್ದಳು, ಸ್ಪಿರಿಟ್ಟು ಕೇಳಿದ್ದಳು, ಸ್ಟೂಲು ಕೇಳಿದ್ದಳು. ಏಕೆ ಎಂದು ಕೇಳಿದ್ದು ಅದೇ ಮೊದಲು.

ದೇವೇಂದ್ರಪ್ಪ ರಬಕವಿಯ ನೇಕಾರರ ಮನೆಯವರು. ಎಪ್ಪತ್ತನಾಲ್ಕರಲ್ಲಿ ತದಡಿಗೆ ಹೋದ ತಂಡದಲ್ಲಿ ಸಲಿಕೆ ಹಿಡಿದು ಕೆಸರು ಅಗೆದವರು. "ನಮ್ಮ ಮನ್ಯಾಗ ನೂಲಿನ ಲಡಿ ಬಣ್ಣಕ್ಕ ಹಾಕೋ ಮುಂದ ಯಾರ ಲಡಿ ಯಾವುದು ಅಂತ ಗೊತ್ತಾಗಬೇಕಲ್ಲ. ಚೀಟಿ ಅಂಟಿಸಿದ್ರ ಬಣ್ಣದಾಗ ಹೋಗ್ತದ. ಅದಕ್ಕ ಗಂಟು ಹಾಕ್ತಿದ್ವಿ. ಒಬ್ಬರಿಗೆ ಒಂದು ಗಂಟು, ಇನ್ನೊಬ್ಬರಿಗೆ ಎರಡು. ಈ ಪ್ರಾಣಿ ಕಾಲು ಕಳಚ್ತಾವ ಅಂತ ಮೊದಲನೇ ದಿನನ ನೋಡಿದೆ. ಸ್ಪಿರಿಟ್ಟಿಗೆ ಹಾಕೋದಕ್ಕ ಮೊದಲು ನಡಕ್ಕೊಂದು, ದೊಡ್ಡ ಕಾಲಿಗೊಂದು ರೇಷ್ಮಿ ಎಳಿ ಕಟ್ಟಿದೆ. ಮೊದಲನೇದಕ್ಕ ಒಂದು ಗಂಟು, ಎರಡನೇದಕ್ಕ ಎರಡು, ಮೂರನೇದಕ್ಕ ಮೂರು. ಇಂಕು ಬಿಡ್ತದ, ಬಣ್ಣ ಬಿಡ್ತದ. ಗಂಟು ಬಿಡಂಗಿಲ್ಲ."

ಅಮಿತಾ ಲೆನ್ಸಿಗೆ ಬಗ್ಗಿ ಎಣಿಸಿದಳು. ಗಿಡ್ಡ ಬಾಲದ ತದಡಿಯಾದ ನಡುವಿನ ದಾರಕ್ಕೆ ಎರಡು ಗಂಟು. ನುಣುಪು ಕಾಲಿನ ದಾರಕ್ಕೆ ಮೂರು. ಬಾಲವಿಲ್ಲದ ಪ್ರಾಣಿಯ ನಡುವಿಗೆ ಮೂರು. ಕೊಕ್ಕೆಯ ಕಾಲಿಗೆ ಎರಡು. ಮತ್ತೆ ಎಣಿಸಿದಳು, ಲೆನ್ಸು ಬದಲಿಸಿ ಎಣಿಸಿದಳು. ಸಾಸಿವೆಗಿಂತ ಸಣ್ಣ ಗಂಟುಗಳು, ಒಂದೂ ಸಡಿಲವಾಗಿರಲಿಲ್ಲ. ಆ ಒರಟು ಬೆರಳಿನ ಮನುಷ್ಯ ಉಬ್ಬರ ಏರುವ ಮೊದಲು ಕೆಸರಿನಲ್ಲಿ ಮೊಣಕಾಲೂರಿ ಕೂತು, ಒದ್ದೆ ರೇಷ್ಮೆಯಲ್ಲಿ ಇಂಥ ಗಂಟು ಹಾಕಿದ್ದನ್ನು ನೆನೆದು ಅವಳಿಗೆ ಕೈ ಮುಗಿಯಬೇಕೆನ್ನಿಸಿತು.

ಆಮೇಲೆ ಅದರ ಅರ್ಥ ಹೊಳೆಯಿತು. ಪಂಡಿತರದು ಬರೀ ಗುಮಾನಿ. ಇಲ್ಲಿ ಇರುವುದು ಸಾಕ್ಷಿ. ಕಾಲು ಅದಲುಬದಲಾದದ್ದು ನಿಜ. ತದಡಿಯಾ ಎಂಬ ಕುಲ ಭೂಮಿಯ ಮೇಲೆ ಎಂದೂ ಇರಲೇ ಇಲ್ಲ.

ದೇವೇಂದ್ರಪ್ಪನವರಿಗೆ ಇಂಗ್ಲಿಷು ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಅಮಿತಾ ಎಪ್ಪತ್ತನಾಲ್ಕರ ಪ್ರಬಂಧದ ಚಿತ್ರವನ್ನು ಅವರ ಮುಂದೆ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಚಿತ್ರವನ್ನು ನೋಡಿದರು, ತಟ್ಟೆಯನ್ನು ನೋಡಿದರು.

"ಅಂದ್ರ ಅಕ್ಕೋರ ಹೆಸರು ಕೆಡ್ತದೇನು?"

"ಕೆಡಲ್ಲ ಕಾಕಾ. ಆದರೆ ಆ ಜೀನಸ್ ಹೋಗ್ತದೆ. ಅವರ ಒಂದೇ ಒಂದು ಜೀನಸ್."

ದೇವಕಿಯನ್ನು ದೇವೇಂದ್ರಪ್ಪ ‘ಅಕ್ಕೋರು’ ಎಂದೇ ಕರೆಯುತ್ತಿದ್ದರು, ತಮ್ಮ ಊರಿನಲ್ಲಿ ಶಾಲೆ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ. ರಬಕವಿಯಿಂದ ಬಂದ ಅವರ ಹೊಸ ಹೆಂಡತಿಗೆ ದೆಹಲಿಯಲ್ಲಿ ಹಿಂದಿ ಬಾರದೆ ಅಳು ಬಂದಾಗ ತಿಂಗಳುಗಟ್ಟಲೆ ಸಂಜೆ ಮನೆಗೆ ಕರೆಸಿ ಮಾತು ಕಲಿಸಿದವರು ದೇವಕಿ. ದೇವೇಂದ್ರಪ್ಪ ಮೇಜಿನ ಖಾನೆ ಎಳೆದು, ಚೀಟಿ ಕತ್ತರಿಸುವ ಸಣ್ಣ ಕತ್ತರಿಯನ್ನು ಹೊರಗೆ ತೆಗೆದರು.

"ಈ ದಾರ ನಂದು ತಂಗಿ. ಯಾವ ರಿಜಿಸ್ಟರಿನ್ಯಾಗೂ ಇಲ್ಲ. ದಾರ ಇಲ್ಲ ಅಂದ್ರ ಅವರು ಅನುಮಾನ ಅಂತಾರ, ನಾವು ಅಲ್ಲ ಅಂತೀವಿ. ಅಷ್ಟಕ್ಕ ಉಳೀತದ. ಅಕ್ಕೋರಿಗೆ ಎಪ್ಪತ್ತಾತು."

ಬೇಡ ಎನ್ನಲು ಎರಡಕ್ಷರ ಸಾಕಿತ್ತು. ಅಮಿತಾಳ ಚೀಲದಲ್ಲಿ ವಿಭಾಗದ ಡಿಜಿಟಲ್ ಕ್ಯಾಮೆರಾ ಇತ್ತು. ಒಂದು ಫೋಟೋ ತೆಗೆದಿದ್ದರೆ ಕತ್ತರಿಗೆ ಕೆಲಸವೇ ಇರುತ್ತಿರಲಿಲ್ಲ. ಅವಳು ಬೇಡ ಎನ್ನಲಿಲ್ಲ, ಕ್ಯಾಮೆರಾ ತೆಗೆಯಲೂ ಇಲ್ಲ. ಪ್ರಾಣಿಗಳನ್ನು ಬಾಟಲಿಗೆ ಹಾಕಿ, "ನಾನು ಬುಧವಾರ ಬರ್ತೀನಿ ಕಾಕಾ" ಎಂದು ಹೇಳಿ ಮೆಟ್ಟಿಲು ಹತ್ತಿಬಿಟ್ಟಳು. ಬಾಟಲಿ ಅವರ ಹತ್ತಿರ, ಬೀಗದ ಕೈ ಅವರ ಹತ್ತಿರ, ಕತ್ತರಿಯೂ ಅವರ ಹತ್ತಿರ. ತಾನು ಮಾಡಬೇಕಾದ ತಪ್ಪನ್ನು ಇನ್ನೊಬ್ಬರು ಮಾಡಲಿ ಎಂದು ಬಿಟ್ಟು ಬರುವುದು ಎಂಥ ಹೇಡಿತನವೆಂದು ಬಸ್ಸು ಸಫ್ದರ್‌ಜಂಗ್ ದಾಟುವಷ್ಟರಲ್ಲಿ ಅವಳಿಗೇ ತಿಳಿದಿತ್ತು. ಆದರೂ ಇಳಿದು ಹಿಂದಿರುಗಲಿಲ್ಲ.

ಮಂಗಳವಾರ ಮುನಿರ್ಕಾದಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಒದ್ದೆ ಬಟ್ಟೆ ಹೊದ್ದುಕೊಂಡು ನೆಲದ ಮೇಲೆ ಬಿದ್ದಿದ್ದವಳಿಗೆ ನೋಯ್ಡಾದಿಂದ ಫೋನು ಬಂತು.

"ಅಮಿತಾ, ನಾನು ದೇವಕಿ. ನಾಳೆ ದೇವೇಂದ್ರನ ಬೀಳ್ಕೊಡುಗೆಗೆ ಬರ್ತಿದೀನಿ. ನೀನು ತದಡಿಯಾ ಮೇಲೆ ಬರೀತಿದೀಯ ಅಂತ ರಘುನಂದನ್ ಹೇಳಿದ. ಆ ಬಾಟಲಿ ತೆಗೆಸಿ ಇಟ್ಟಿರು. ನಾನೂ ಒಮ್ಮೆ ನೋಡ್ತೀನಿ."

"ಅಚ್ಛಾ ಮೇಡಂ," ಎಂದಷ್ಟೇ ಹೇಳಿದಳು ಅಮಿತಾ. ದಾರದ ಸಂಗತಿ ನಾಲಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ನಾಳೆ ಆ ಬಾಟಲಿಯಲ್ಲಿ ದಾರ ಇರಬೇಕೋ ಇರಬಾರದೋ, ತನಗೆ ಯಾವುದು ಬೇಕು ಎಂದು ಅವಳು ಇಡೀ ದಿನ ತನ್ನನ್ನೇ ಕೇಳಿಕೊಂಡಳು. ಗಂಟೆಗೊಂದು ಉತ್ತರ ಬರುತ್ತಿತ್ತು.

ಬುಧವಾರ ಮೂರು ಗಂಟೆಗೆ ಮೇಲಿನ ಸಭಾಕೋಣೆಯಲ್ಲಿ ಬೀಳ್ಕೊಡುಗೆ. ಸಮೋಸ, ಬರ್ಫಿ, ಚೆಂಡುಹೂವಿನ ಹಾರ. ನಿರ್ದೇಶಕರು ದೇವೇಂದ್ರಪ್ಪನವರ ಹೆಸರನ್ನು ಎರಡು ಸಲ ತಪ್ಪಾಗಿ ಉಚ್ಚರಿಸಿ, ಅವರ ಪ್ರಾಮಾಣಿಕತೆಯ ಬಗ್ಗೆ ಏಳು ನಿಮಿಷ ಹಿಂದಿಯಲ್ಲಿ ಮಾತಾಡಿ, ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋಗಬೇಕಿಲ್ಲದವನಿಗೆ ಗಡಿಯಾರ ಕೊಡುವುದು ಯಾವ ಪುಣ್ಯಾತ್ಮ ಶುರುಮಾಡಿದ ಪದ್ಧತಿಯೋ. ದೇವಕಿ ಮೇಡಂ ಕೋಲೂರಿಕೊಂಡು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ತುರುಬು ಈಗ ಅಡಿಕೆಯಷ್ಟಾಗಿತ್ತು, ಎಣ್ಣೆ ಮಾತ್ರ ಹಾಗೇ ಇತ್ತು. ಚಪ್ಪಾಳೆ ಮುಗಿಯುತ್ತಲೇ, "ಚಲೋ, ಕೆಳಗೆ ಹೋಗೋಣ" ಎಂದರು.

ಮಂಡಿನೋವಿನವರಿಗೆ ಇಪ್ಪತ್ತೆರಡು ಮೆಟ್ಟಿಲು ಇಳಿಯಲು ಹತ್ತು ನಿಮಿಷ ಹಿಡಿಯಿತು. ಕೊರಳಲ್ಲಿ ಹಾರ ಹಾಕಿಕೊಂಡೇ ದೇವೇಂದ್ರಪ್ಪ ಗಡಿಯಾರವನ್ನು ಮೇಜಿನ ಮೇಲಿಟ್ಟು ಬೀರು ತೆರೆದರು. ಅಮಿತಾ ಬಾಟಲಿಯನ್ನೇ ನೋಡಿದಳು. ಚಹಾ ಬಣ್ಣದ ಸ್ಪಿರಿಟ್ಟಿನಾಚೆ ಏನೂ ಕಾಣಲಿಲ್ಲ. ಅವರ ಮುಖ ನೋಡಿದಳು, ಅಲ್ಲಿಯೂ ಏನೂ ಕಾಣಲಿಲ್ಲ. ಅವರು ಪ್ರಾಣಿಗಳನ್ನು ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮೇಡಂ ಕನ್ನಡಕ ತೆಗೆದು ಬಗ್ಗಿದರು.

ಒಂದು ನಿಮಿಷವಾಯಿತು. ಎರಡಾಯಿತು.

"ದೇವೇಂದ್ರ," ಎಂದರು ಮೇಡಂ ತಲೆಯೆತ್ತದೆ, "ಈ ದಾರದಲ್ಲಿ ಗಂಟುಗಳಿವೆಯಲ್ಲ."

ಅಮಿತಾ ಗೋಡೆಗೆ ಒರಗಿಕೊಂಡಳು. ಅವರು ಕತ್ತರಿಸಿರಲಿಲ್ಲ. ಹಾಯೆನಿಸಿತು. ಅದರ ಹಿಂದೆಯೇ ನಾಚಿಕೆ ಉಕ್ಕಿ ಬಂತು. ಮಾಡಲಿ ಎಂದು ತಾನು ಬಿಟ್ಟುಹೋದದ್ದನ್ನು ಅವರು ಮಾಡಿರಲಿಲ್ಲ.

"ಹೌದ್ರಿ ಅಕ್ಕೋರೆ," ಎಂದು ದೇವೇಂದ್ರಪ್ಪ ಲಡಿಯ ಕತೆಯನ್ನು ಮತ್ತೆ ಹೇಳಿದರು. "ಎರಡು ದಿನದಿಂದ ಕತ್ತರಿ ಕಿಸೆದಾಗ ಇಟ್ಟುಕೊಂಡು ಅಡ್ಡಾಡಿದೆ. ಒಂದು ಸಲ ಬಾಟಲಿ ತೆಗದೂ ನೋಡಿದೆ. ನೀವ ಕಲಿಸಿದ್ದು ನೆನಪಾತು. ಬಾಟಲಿಯೊಳಗ ಇದ್ದದ್ದು ಕಸ ಇದ್ರೂ ಹೊರಗ ಹೋಗಬಾರದು ಅಂತಿದ್ರಿ. ಕೈ ಏಳಲಿಲ್ಲ."

"ಆವಾಗ್ಲೇ ಯಾಕಪ್ಪ ಹೇಳಲಿಲ್ಲ ನನಗೆ?"

"ನೀವು ಕೇಳಲಿಲ್ರಿ. ಮತ್ತ ಗಂಟು ಎಣಿಸೋದು ಎಲ್ಲಾರಿಗೂ ಗೊತ್ತಿರ್ತದ ಅಂದ್ಕೊಂಡಿದ್ದೆ. ನಮ್ಮ ಓಣ್ಯಾಗ ಸಣ್ಣ ಹುಡುಗರಿಗೂ ಗೊತ್ತಿತ್ತು."

ಮೇಡಂ ಮತ್ತೆ ಬಗ್ಗಿದರು. "ನೋಡಿದ್ದೆ ಈ ದಾರ. ಬಾಟಲಿಗೆ ಇಳಿಸೋಕೆ ಕಟ್ಟಿದ್ದು ಅಂದ್ಕೊಂಡೆ. ಚಿತ್ರದಲ್ಲಿ ಅದನ್ನ ಬರೆಯೋದು ಬೇಡ, ಗಲೀಜು ಕಾಣುತ್ತೆ ಅಂತ ನಾನೇ ಬಿಟ್ಟೆ." ಕೂದಲಿನಂಥ ಎಳೆಯಲ್ಲಿದ್ದ ಗಂಟುಗಳನ್ನು ಅವರು ಬಾಯಲ್ಲೇ ಎಣಿಸಿದರು, ಒಂದಲ್ಲ, ಮೂರು ಸಲ. ಆಮೇಲೆ ಚಿಮಟ ಹಿಡಿದು ನುಣುಪು ಕಾಲನ್ನು ಗಿಡ್ಡ ಬಾಲದ ಪ್ರಾಣಿಯ ಪಕ್ಕದಿಂದ ಎತ್ತಿ, ಬಾಲವಿಲ್ಲದ ಮೂರು ಗಂಟಿನ ಪ್ರಾಣಿಯ ಪಕ್ಕಕ್ಕೆ ಇಟ್ಟರು. ಕೊಕ್ಕೆಯ ಕಾಲನ್ನು ಎರಡು ಗಂಟಿನದರ ಪಕ್ಕಕ್ಕೆ ತಂದರು. ಎಪ್ಪತ್ತರ ಆ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ತಮ್ಮ ಜೀವಮಾನದ ಕೆಲಸವನ್ನು ಆ ಹೆಂಗಸು ಎರಡು ಚಲನೆಯಲ್ಲಿ ತಾವೇ ಬಿಚ್ಚಿ ಇಟ್ಟದ್ದನ್ನು ಅಮಿತಾ ಕಣ್ಣಾರೆ ಕಂಡಳು. ಒಂಬತ್ತನೆಯ ವಯಸ್ಸಿನಲ್ಲಿ ಮೆಚ್ಚಿದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು ಅವಳಿಗೆ.

"ಮೂರೂ ಮಾಮೂಲಿನವು," ಎಂದರು ಮೇಡಂ ನೆಟ್ಟಗೆ ಕೂತು. "ಎರಡು ಕೊಕ್ಕೆಯವು, ಒಂದು ನುಣುಪಿನದು. ತದಡಿಯಾ ಇಲ್ಲ." ಕನ್ನಡಕ ಹಾಕಿಕೊಳ್ಳಲು ಹೋಗಿ ಮತ್ತೆ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಹೆಸರು ಇಡೋಕೆ ಹನ್ನೊಂದು ದಿನ ಯೋಚನೆ ಮಾಡಿದ್ದೆ. ನೋವಾಗಲ್ಲ ಅಂದ್ರೆ ಸುಳ್ಳಾಗುತ್ತೆ." ಅಮಿತಾಳ ಕಡೆ ತಿರುಗಿ, "ನೀನೇನು ಬರೆದಿದೀಯ ಓದು" ಎಂದರು.

ಅಮಿತಾ ಹಾಳೆ ತೆಗೆದು ಓದಿದಳು. "ಬಹುಶಃ ಅದಲುಬದಲಾಗಿರುವ ಸಾಧ್ಯತೆ ಇಲ್ಲದಿಲ್ಲ."

"ಇಲ್ಲದಿಲ್ಲ ಅಂದ್ರೆ ಏನೇ?"

"ಅದು... ನಿಮ್ಮ ಕೆಲಸ ಅಲ್ವಾ ಮೇಡಂ. ಹೇಗೆ ಬರೀಲಿ ಅಂತ."

"ಬಹುಶಃ ಹೊಡೆದುಹಾಕು. ಸಾಧ್ಯತೆ ಹೊಡೆದುಹಾಕು. ದೇವಕಿ ತಪ್ಪು ಜೋಡಿಸಿದ್ದಾರೆ, ತದಡಿಯಾ ಕುಲ ಊರ್ಜಿತವಲ್ಲ ಅಂತ ಬರಿ. ನೀನು ಬಹುಶಃ ಅಂತ ಬಿಟ್ಟರೆ ಮುಂದೆ ಇನ್ಯಾವಳೋ ಹುಡುಗಿ ಬಂದು ಈ ಬಾಟಲಿ ಮುಂದೆ ಎರಡು ದಿನ ನಿದ್ದೆಗೆಡಬೇಕಾಗುತ್ತೆ."

ತಾನೂ ನಿದ್ದೆಗೆಟ್ಟದ್ದು ಅವರಿಗೆ ಹೇಗೆ ತಿಳಿಯಿತೆಂದು ಅಮಿತಾ ಕೇಳಲಿಲ್ಲ. ಕಣ್ಣು ತುಂಬಿಕೊಂಡೇ ಹೊಡೆದುಹಾಕಿದಳು. "ನಾನು ಫೋಟೋ ತೆಗೀಬೇಕಿತ್ತು ಮೇಡಂ. ಸೋಮವಾರ. ಕ್ಯಾಮೆರಾ ಇತ್ತು, ತೆಗೀಲಿಲ್ಲ."

"ಈಗ ತೆಗಿ," ಎಂದರು ಮೇಡಂ. ಅಷ್ಟೇ. ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅಮಿತಾ ಪ್ರತಿ ಗಂಟಿಗೂ ಒಂದೊಂದು ಫೋಟೋ ತೆಗೆದಳು.

ಆ ನೆಲಮಾಳಿಗೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬಾಟಲಿಯೊಳಗಿನ ಹಳೆಯ ಚೀಟಿ ತಪ್ಪಾಗಿದ್ದರೂ ಅದನ್ನು ತೆಗೆದು ಬಿಸಾಕುವಂತಿಲ್ಲ. ಸರಿಯಾದದ್ದನ್ನು ಹೊಸ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಅದರ ಪಕ್ಕಕ್ಕೆ ಸೇರಿಸಬೇಕು. ಯಾರು ಎಲ್ಲಿ ತಪ್ಪಿದರು, ಯಾರು ತಿದ್ದಿದರು ಎನ್ನುವುದು ಒಂದೇ ಸ್ಪಿರಿಟ್ಟಿನಲ್ಲಿ ಜೊತೆಗೇ ಇರಬೇಕು. ಕುಲ ಬಿದ್ದುಹೋದರೂ ಬಾಟಲಿ ಕೆಂಪು ಪಟ್ಟಿಯ ಬೀರುವಿನಲ್ಲೇ ಉಳಿಯುತ್ತದೆ. ದೇವೇಂದ್ರಪ್ಪ ದಪ್ಪ ಕಾಗದವನ್ನು ಅದೇ ಸಣ್ಣ ಕತ್ತರಿಯಿಂದ ಕತ್ತರಿಸಿ, ಪೆನ್ಸಿಲು ಚೂಪು ಮಾಡಿ ಮೇಡಂ ಮುಂದಿಟ್ಟರು.

ಮೇಡಂ ಸಣ್ಣ ದುಂಡಕ್ಷರದಲ್ಲಿ ಮೂರು ಪ್ರಾಣಿಗಳ ಸರಿಯಾದ ಹೆಸರು ಬರೆದರು. ಸ್ಥಳ, ತದಡಿ. ಕೊನೆಯಲ್ಲಿ ‘ಗುರುತಿಸಿದವರು’ ಎಂಬ ಸಾಲು. ಹಳೆಯ ಚೀಟಿಯಲ್ಲಿ ಆ ಸಾಲಿನ ಮುಂದೆ ದೇವಕಿ, 1974 ಎಂದಿತ್ತು. ಆ ಕಟ್ಟಡದ ಸಾವಿರಾರು ಬಾಟಲಿಗಳಲ್ಲಿ ಆ ಸಾಲಿನ ಮುಂದೆ ಬಂದವರೆಲ್ಲ ವಿಜ್ಞಾನಿಗಳೇ. ಪೆನ್ಸಿಲು ಅಲ್ಲಿ ನಿಂತಿತು.

"ನಿಮ್ಮ ಹೆಸರೇ ಬರೀರಿ ಮೇಡಂ," ಎಂದಳು ಅಮಿತಾ.

"ನಾನು ಗುರುತಿಸಿದ್ದು ಆ ಚೀಟಿಯಲ್ಲಿದೆ," ಎಂದು ಮೇಡಂ ಬರೆಯತೊಡಗಿದರು. ಇಂಗ್ಲಿಷಿನ ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ, ದೊಡ್ಡದಾಗಿ, ಓದಲು ಕಷ್ಟಪಡುವವರಿಗೂ ತಿಳಿಯುವ ಹಾಗೆ ಬರೆದು, ಚೀಟಿಯನ್ನು ದೇವೇಂದ್ರಪ್ಪನವರ ಕೈಗೆ ಕೊಟ್ಟರು.

ದೇವೇಂದ್ರಪ್ಪ ಅದನ್ನು ಟ್ಯೂಬ್‌ಲೈಟಿನ ಕಡೆಗೆ ಹಿಡಿದು ಬೆರಳಿಟ್ಟು ಓದಿದರು. ಮೊದಲಕ್ಷರಕ್ಕೇ ಬೆರಳು ತಡೆಯಿತು. ಮತ್ತೆ ಮೊದಲಿನಿಂದ ಓದಿದರು. ಅದು ತಮ್ಮದೇ ಹೆಸರು. ಅದರ ಮುಂದಿನ ಅಂಕಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ವರ್ಷ ತಪ್ಪು ಬಿದ್ದದರಿ ಅಕ್ಕೋರೆ. ಎಪ್ಪತ್ನಾಕು ಅಂತ ಬರದೀರಿ. ಈಗ ಎರಡು ಸಾವಿರದ ಆರು."

"ತಪ್ಪಿಲ್ಲ," ಎಂದರು ಮೇಡಂ. "ನೀನು ಗುರುತಿಸಿದ್ದು ಆವಾಗ್ಲೇ. ನಾವು ಓದಿದ್ದು ಇವತ್ತು."

ದೇವೇಂದ್ರಪ್ಪನವರ ಮೂವತ್ತೆರಡು ವರ್ಷದ ಅಭ್ಯಾಸದ ಕೈಗಳೇ ಮುಂದಿನ ಕೆಲಸ ಮಾಡಿದವು. ಪ್ರಾಣಿಗಳನ್ನು ಒಂದೊಂದಾಗಿ ಬಾಟಲಿಗೆ ಇಳಿಸಿದರು, ಹಳೆಯ ಚೀಟಿ ಹಾಕಿದರು, ಅದರ ಪಕ್ಕಕ್ಕೆ ಹೊಸದನ್ನು ಹಾಕಿದರು, ಕತ್ತಿನವರೆಗೆ ಹೊಸ ಸ್ಪಿರಿಟ್ಟು ತುಂಬಿದರು. ಮುಚ್ಚಳ ಬಿಗಿದು ಒಮ್ಮೆ ತಟ್ಟಿ ನೋಡಿದರು. ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಅಮಿತಾಳ ಕೈಗೆ ಕೊಟ್ಟು, "ನಾಳೆ ಹೊಸಬರು ಬರ್ತಾರ, ಅವರಿಗೆ ಕೊಡು ತಂಗಿ" ಎಂದು, ಅಕ್ಕೋರ ಕೋಲನ್ನು ತಾವು ಹಿಡಿದುಕೊಂಡು, ತಮ್ಮ ತೋಳನ್ನು ಅವರಿಗೆ ಆಸರೆ ಕೊಟ್ಟು ಮೆಟ್ಟಿಲು ಹತ್ತಿಸತೊಡಗಿದರು.

ಗೋಡೆ ಗಡಿಯಾರ ಮೇಜಿನ ಮೇಲೆಯೇ ಉಳಿದಿತ್ತು. ಅಮಿತಾ ಅದನ್ನೆತ್ತಿಕೊಂಡು ಅವರ ಹಿಂದೆ ಹೊರಟಳು.